ವರದಿಯಲ್ಲಿ ಎಣಿಸದೆ ಬಿಟ್ಟ ಗ್ರಂಥಿಗಳು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಊರಿಗೆ ಬಂದಾಗಲೆಲ್ಲ "ಡಾಕ್ಟರಾಗಿದ್ದೀಯಲ್ಲ, ನಾಡಿ ನೋಡಪ್ಪ" ಎಂದು ಕೈ ಚಾಚುತ್ತೀರಿ. ನಾನು ರೋಗಿಯ ಮುಖ ನೋಡದ ಡಾಕ್ಟರು, ಪೆಥಾಲಜಿಸ್ಟ್. ಹೊಟ್ಟೆಯಿಂದಲೋ ಕರುಳಿನಿಂದಲೋ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ ವರದಿ ಬರೆಯುವುದು ನನ್ನ ಕೆಲಸ. ಇದೇ ಶಾಲೆಯಲ್ಲಿ ಈರುಳ್ಳಿ ಸಿಪ್ಪೆಯ ಜೀವಕೋಶ ನೋಡಿ ಚಿತ್ರ ಬರೆದಾಗ ವಿಜ್ಞಾನದ ಮೇಷ್ಟ್ರು "ಎಣಿಸಿದೆಯೇನೋ?" ಎಂದು ಕೇಳುತ್ತಿದ್ದರು. ಆ ಮಾತಿನ ಬೆಲೆ ನನಗೆ ತಡವಾಗಿ ತಿಳಿಯಿತು.

ಕೆಲಸಕ್ಕೆ ಸೇರಿದ ಹೊಸತು. ಒಬ್ಬ ರೈತರ ದೊಡ್ಡಕರುಳಿನ ಕ್ಯಾನ್ಸರ್ ಗಡ್ಡೆ ಆಪರೇಷನ್ ಆಗಿ ನನ್ನ ಮೇಜಿಗೆ ಬಂತು. ಕರುಳಿನ ಸುತ್ತಲ ಕೊಬ್ಬಿನಲ್ಲಿ ಕಾಳಿನಂಥ ದುಗ್ಧಗ್ರಂಥಿಗಳಿರುತ್ತವೆ. ಕನಿಷ್ಠ 12 ಗ್ರಂಥಿ ಹುಡುಕಿ ನೋಡಬೇಕೆಂಬುದು ನಿಯಮ. ನನಗೆ ಸಿಕ್ಕಿದ್ದು 4. ನಾಲ್ಕರಲ್ಲೂ ರೋಗವಿರಲಿಲ್ಲ. "ಗ್ರಂಥಿಗಳಿಗೆ ಹರಡಿಲ್ಲ" ಎಂದು ಬರೆದು ಸಹಿ ಹಾಕಿದೆ. ಸಂಖ್ಯೆ ಬರೆಯಲಿಲ್ಲ.

ಸರ್ಜನ್ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ನೋಡಿದಿರಿ?"

ಫಾರ್ಮಲಿನ್ ಡಬ್ಬಿ ಇನ್ನೂ ಇತ್ತು. ಮತ್ತೆ ಕೂತು ಹುಡುಕಿದೆ. ಇನ್ನೂ 9 ಸಿಕ್ಕವು. ಅದರಲ್ಲಿ ಒಂದರಲ್ಲಿ ಕ್ಯಾನ್ಸರ್ ಇತ್ತು. ಗ್ರಂಥಿಗೆ ಹರಡದಿದ್ದರೆ ಎಷ್ಟೋ ಸಲ ಆಪರೇಷನ್ನೇ ಸಾಕು. ಹರಡಿದ್ದರೆ ಸಾಮಾನ್ಯವಾಗಿ ಕೀಮೋ ಕೊಡುತ್ತಾರೆ. ಆ ರೈತರಿಗೂ ಕೊಟ್ಟರು. ಐದು ವರ್ಷದ ತಪಾಸಣೆಗೂ ಬಂದಿದ್ದರಂತೆ. ಕೀಮೋದಿಂದಲೇ ಉಳಿದರೆಂದು ಹೇಳಲಾರೆ. ಆದರೆ ಅವರಿಗೆ ಸಲ್ಲಬೇಕಾದ ಚಿಕಿತ್ಸೆಯನ್ನು ನನ್ನ ಮೊದಲ ವರದಿ ತಪ್ಪಿಸುವುದರಲ್ಲಿತ್ತು. ಅಂದಿನಿಂದ ಸಂಖ್ಯೆ ಬರೆಯದೆ ಸಹಿ ಹಾಕಿಲ್ಲ.

ಇದೇ ಕೆಲಸ ಲೋಕಕ್ಕೆ ಬೆಳಕು ಕೊಟ್ಟಿದ್ದೂ ಉಂಟು. ಜಠರದ ಹುಣ್ಣಿಗೆ ಖಾರ, ಚಿಂತೆ, ಆಮ್ಲವೇ ಕಾರಣವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1979ರಲ್ಲಿ, ಆಸ್ಟ್ರೇಲಿಯಾದ ಪರ್ತ್‌ನ ಪೆಥಾಲಜಿಸ್ಟ್ ರಾಬಿನ್ ವಾರೆನ್ ಜಠರದ ಚೂರುಗಳಲ್ಲಿ ಬ್ಯಾಕ್ಟೀರಿಯಾ ಕಂಡರು. ಕಂಡದ್ದನ್ನು ಕಂಡಂತೆ ಬರೆದರು. ಬ್ಯಾರಿ ಮಾರ್ಷಲ್ ಜೊತೆ ಅವರಿಗೆ 2005ರಲ್ಲಿ ನೊಬೆಲ್ ಬಂತು. ಇಂದು ಆ ಸೋಂಕಿನಿಂದಾದ ಹುಣ್ಣು ಮಾತ್ರೆಯಲ್ಲಿ ವಾಸಿಯಾಗುತ್ತದೆ.

ಊರಿನವರಲ್ಲಿ ಮೂರು ಮನವಿ. ಬಯಾಪ್ಸಿ ವರದಿಯನ್ನು ಪಹಣಿಯಷ್ಟೇ ಜೋಪಾನವಾಗಿಡಿ. ಹಿಂದಿನ ಕಾಯಿಲೆ, ನುಂಗಿದ ಮಾತ್ರೆ ಯಾವುದನ್ನೂ ಡಾಕ್ಟರಿಂದ ಮುಚ್ಚಿಡಬೇಡಿ. ಅರ್ಜಿಯಲ್ಲಿ ಅದಿದ್ದರೆ ನಮಗೆ ಅರ್ಧ ದಾರಿ ಸಿಕ್ಕಂತೆ. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡಾಸ್ಪತ್ರೆಗೆ ಹೋಗುವಾಗ ಕಾಗದದ ಜೊತೆ ಗಾಜಿನ ಸ್ಲೈಡು, ಮೇಣದ ಬ್ಲಾಕನ್ನೂ ಕೇಳಿ ಪಡೆದು ಒಯ್ಯಿರಿ. ಮತ್ತೊಬ್ಬರು ಅದನ್ನೇ ನೋಡಿ ಹೇಳಬಲ್ಲರು. "ಈ ವರದಿಯಲ್ಲಿ ಏನಿದೆ?" ಎಂದು ಕೇಳುವುದು ನಿಮ್ಮ ಹಕ್ಕು.

ಮಕ್ಕಳೇ, ರೆಕಾರ್ಡ್ ಪುಸ್ತಕವನ್ನು ಪಕ್ಕದವರದು ನೋಡಿ ಬರೆಯಬೇಡಿ. ನೀವು ಕಂಡಷ್ಟನ್ನೇ ಬರೆಯಿರಿ, ಎಣಿಸಿ ಬರೆಯಿರಿ. ನಮ್ಮ ಮೇಷ್ಟ್ರು ಇಂದು ಈ ಸಭೆಯಲ್ಲಿಲ್ಲ. ಅವರ ಪ್ರಶ್ನೆಯನ್ನು ಅವರ ಪರವಾಗಿ ನಿಮಗೆ ಒಪ್ಪಿಸಿದ್ದೇನೆ.