ಬೆಕ್ಕಿನ ಹೊಟ್ಟೆ ಕೆಟ್ಟಾಗ: ಕಾಯುವುದು ಯಾವಾಗ, ಓಡುವುದು ಯಾವಾಗ?

(ತುಡಿಯಲೂರಿನ ನಮ್ಮ ಸಹವಾಸ ಕೂಟದಲ್ಲಿ ಆಡಿದ ಮಾತುಗಳು)



ಕೂಲಿ, ಬೋನಸ್, ಪ್ರಾವಿಡೆಂಟ್ ಫಂಡ್ ಎಂದು ಮಾತಾಡುವ ಈ ಕೂಟದಲ್ಲಿ ಇಂದು ಬೆಕ್ಕಿನ ಹೊಟ್ಟೆಯ ವಿಚಾರ ತೆಗೆದಿದ್ದೇವೆ. ಕೆಲವರು ನಗುತ್ತಿದ್ದೀರಿ. ನಗಿ, ಅಡ್ಡಿಯಿಲ್ಲ. ಆದರೆ ನಮ್ಮ ಸಾಲುಮನೆಗಳಲ್ಲಿ ಬೆಕ್ಕಿಲ್ಲದ ಮನೆ ಎಷ್ಟಿವೆ, ಎಣಿಸಿ ನೋಡಿ. ಇಲಿ ಕಾಟಕ್ಕೆಂದು ತಂದ ಬೆಕ್ಕು ಆರು ತಿಂಗಳಲ್ಲಿ ಮಕ್ಕಳ ಮಗ್ಗುಲಲ್ಲಿ ಮಲಗುತ್ತದೆ. ಅದು ವಾಂತಿ ಮಾಡಿದ ದಿನ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಕೆಲಸ ಬಿಟ್ಟು ಪಶುವೈದ್ಯರ ಬಳಿ ಹೋಗಬೇಕೋ, ನಾಳೆವರೆಗೆ ನೋಡೋಣವೋ? ದಿನಗೂಲಿಯವರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಈ ವಿಷಯ ನಾವು ಕಲಿತದ್ದು ತಪ್ಪು ಮಾಡಿ. ಒಂದು ಶನಿವಾರ ಸಂಜೆ ನೆರೆಮನೆಯ ತಂಗಿ ಬಂದು, "ಅಣ್ಣಾ, ನಮ್ಮ ಗಂಡು ಬೆಕ್ಕು ಬೆಳಗಿನಿಂದ ಮರಳಿನಲ್ಲಿ ಕೂತು ತಿಣುಕುತ್ತಿದೆ, ಏನೂ ಬರುತ್ತಿಲ್ಲ. ಎರಡು ಸಲ ಕಕ್ಕಿತು" ಎಂದಳು. ನಾವು ದೊಡ್ಡ ತಿಳಿದವರಂತೆ, "ಮಲ ಕಟ್ಟಿದೆಯಮ್ಮಾ, ಒಂದು ಚಮಚ ಹರಳೆಣ್ಣೆ ಕುಡಿಸು, ಸೋಮವಾರ ನೋಡೋಣ" ಎಂದೆವು. ಸೋಮವಾರ ಬೆಳಗಿನ ಪಾಳಿಗೆ ಹೊರಡುವ ಮೊದಲೇ ಬೆಕ್ಕು ಸತ್ತಿತ್ತು. ಕಟ್ಟಿದ್ದು ಮಲವಲ್ಲ, ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಅದು ಮುಚ್ಚಿದರೆ ಮೂತ್ರಕೋಶ ಉಬ್ಬಿ, ವಿಷ ರಕ್ತಕ್ಕೇರಿ, ಒಂದೆರಡು ದಿನದಲ್ಲೇ ಹೃದಯ ನಿಲ್ಲುತ್ತದೆ ಎಂದು ಆಮೇಲೆ ಪಶುವೈದ್ಯರು ತಿಳಿಸಿದರು. ಇದರಲ್ಲಿ ವಾಂತಿಯೂ ಬರುತ್ತದೆ, ಊಟವೂ ನಿಲ್ಲುತ್ತದೆ. ಆದ್ದರಿಂದಲೇ ನಾವು ಹೊಟ್ಟೆಯ ಕೇಡೆಂದು ಮೋಸಹೋದೆವು. ಆ ತಂಗಿ ನಮ್ಮನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಾವು ಬೆಕ್ಕಿನ ಕೇಡನ್ನು ಮೂರು ಭಾಗವಾಗಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದೇವೆ.

ಮೊದಲನೆಯದು, ಮನೆಯಲ್ಲೇ ಒಂದು ದಿನ ನೋಡಬಹುದಾದದ್ದು. ದೊಡ್ಡ ಬೆಕ್ಕು ಒಂದೆರಡು ಸಲ ಕಕ್ಕಿ, ಆಮೇಲೆ ಎಂದಿನಂತೆ ಓಡಾಡುತ್ತಾ ತಿನ್ನುತ್ತಿದ್ದರೆ ಗಾಬರಿ ಬೇಡ. ಗಬಗಬನೆ ತಿಂದರೂ ಕಕ್ಕುತ್ತದೆ, ಮೈ ನೆಕ್ಕಿದ ಕೂದಲು ಉಂಡೆಯಾದರೂ ಕಕ್ಕುತ್ತದೆ. ಒಂದೆರಡು ಸಲ ಭೇದಿಯಾದರೆ ಮೊದಲು ಹಾಲು ನಿಲ್ಲಿಸಿ. ಬೆಕ್ಕಿಗೆ ಹಾಲೇ ಅಮೃತವೆಂದು ನಮ್ಮ ಅಜ್ಜಿಯರು ನಂಬಿದ್ದರು. ಆದರೆ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದಿಲ್ಲ. ಉಪ್ಪು, ಮಸಾಲೆ, ಈರುಳ್ಳಿ ಹಾಕದೆ ಬೇಯಿಸಿದ ಕೋಳಿ ಮಾಂಸವನ್ನು ಮೂಳೆ ತೆಗೆದು ಸ್ವಲ್ಪ ಸ್ವಲ್ಪವಾಗಿ ಕೊಡಿ, ಶುದ್ಧ ನೀರು ಇಡಿ. ಹೊಟ್ಟೆಗೆ ವಿಶ್ರಾಂತಿಯೆಂದು ದಿನವಿಡೀ ಉಪವಾಸ ಹಾಕಬೇಡಿ.

ಎರಡನೆಯದು, ರಜಾದಿನ ನೋಡಿಕೊಂಡು ತೋರಿಸಬೇಕಾದದ್ದು. ಬೆಕ್ಕು ಚುರುಕಾಗಿದ್ದರೂ ವಾರವಾರವೂ ಕಕ್ಕುವುದು, ತಿಂದರೂ ಮೈ ಇಳಿಯುತ್ತಾ ಹೋಗುವುದು, ವಾಂತಿಯಲ್ಲಿ ಶಾವಿಗೆಯಂಥ ಹುಳು, ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ತುಣುಕು ಕಾಣುವುದು. ಒಂದು ಪಾಳಿ ತಪ್ಪಿಸಿಕೊಳ್ಳಬೇಕಿಲ್ಲ, ಆದರೆ ಮರೆಯಲೂಬಾರದು.

ಮೂರನೆಯದು, ಕೂಲಿ ಹೋದರೂ ಸರಿ, ಅದೇ ದಿನ ಓಡಬೇಕಾದದ್ದು. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಗಂಡು ಬೆಕ್ಕು ತಿಣುಕಿದರೂ ಮೂತ್ರ ಬಾರದಿರುವುದು. ಮತ್ತೆ ಮತ್ತೆ ವಾಂತಿಯಾಗಿ ಕುಡಿದ ನೀರೂ ನಿಲ್ಲದಿರುವುದು. ವಾಂತಿಯಲ್ಲೋ ಮಲದಲ್ಲೋ ರಕ್ತ, ಅಥವಾ ಡಾಂಬರಿನಂಥ ಕಪ್ಪು ಮಲ. ಹೊಟ್ಟೆ ಉಬ್ಬಿ, ಮುಟ್ಟಿದರೆ ಚೀರುವುದು. ಮೂಲೆ ಹಿಡಿದು ಮಲಗಿ, ಕರೆದರೂ ತಲೆ ಎತ್ತದಿರುವುದು. ದೊಡ್ಡ ಬೆಕ್ಕು ಒಂದು ಪೂರ್ತಿ ದಿನ ಏನೂ ತಿನ್ನದಿರುವುದು. ನಾಯಿಯಂತೆ ಬೆಕ್ಕು ಉಪವಾಸ ತಡೆಯದು. ಕೆಲವು ದಿನ ತಿನ್ನದಿದ್ದರೆ, ಮುಖ್ಯವಾಗಿ ಮೈತುಂಬಿಕೊಂಡ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ಇನ್ನೊಂದು ರೋಗವಾಗುತ್ತದೆ.

ಮರಿಗಳಿಗಂತೂ ಅರ್ಧ ದಿನವೇ ಹೆಚ್ಚು. ಚುಚ್ಚುಮದ್ದು ಹಾಕಿಸದ ಮರಿಗೆ ವಾಂತಿ, ಭೇದಿ, ಜ್ವರ ಒಟ್ಟಿಗೆ ಬಂದರೆ ಪ್ಯಾನ್‌ಲ್ಯುಕೊಪೀನಿಯಾ ಎಂಬ ಸಾಂಕ್ರಾಮಿಕ ಇರಬಹುದು. ಅದು ಇಡೀ ಸಾಲಿನ ಮರಿಗಳನ್ನು ಗುಡಿಸಿಬಿಡುತ್ತದೆ, ಅದರ ವೈರಾಣು ಮನೆಯೊಳಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಚುಚ್ಚುಮದ್ದು ಆರಂಭಿಸಿದರೆ ಇದನ್ನು ತಡೆಯಬಹುದು.

ನಮ್ಮ ಊರಿಗೇ ಸೇರಿದ ಒಂದು ಅಪಾಯ ಇದೆ. ಕೊಯಮತ್ತೂರಿನಲ್ಲಿ ನೂಲು, ತಿರುಪ್ಪೂರಿನಲ್ಲಿ ಬನಿಯನ್. ಮನೆಯಲ್ಲೇ ದಾರ ಕತ್ತರಿಸುವ, ಹೊಲಿಯುವ ಕೆಲಸ ಮಾಡುವ ಅಕ್ಕಂದಿರು ಎಷ್ಟೋ ಮಂದಿ. ನೆಲದ ತುಂಬ ದಾರದ ತುಂಡು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿವೆ. ಬಾಯಿಗೆ ಸಿಕ್ಕಿದ ದಾರವನ್ನು ಉಗುಳಲು ಅದಕ್ಕೆ ಕಷ್ಟ, ಒಳಕ್ಕೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡದಲ್ಲಿ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗಿಳಿದರೆ, ಕರುಳು ಲಾಡಿ ಎಳೆದ ಲಂಗದಂತೆ ಮುದುಡುತ್ತದೆ. ದಾರ ಬ್ಲೇಡಿನಂತೆ ಕರುಳನ್ನು ಕೊಯ್ಯುತ್ತದೆ. ಬಾಯಿಯಲ್ಲಾಗಲಿ ಗುದದಲ್ಲಾಗಲಿ ದಾರದ ತುದಿ ಕಂಡರೆ ಎಳೆಯಲೇಬೇಡಿ. ನಮ್ಮವರೊಬ್ಬರ ಮನೆಯ ಹುಡುಗಿ ಎಳೆಯಲು ಕೈ ಹಾಕಿದ್ದಳು, ಅವಳ ತಾಯಿ ತಡೆದರು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು, ಬೆಕ್ಕು ಇಂದಿಗೂ ಬದುಕಿದೆ. ಕೆಲಸ ಮುಗಿದ ಕೂಡಲೇ ದಾರ ಗುಡಿಸಿ ಮುಚ್ಚಳವಿರುವ ಡಬ್ಬಕ್ಕೆ ಹಾಕಿ. ಸೂಜಿಯನ್ನು ದಾರದ ಸಮೇತ ಬಿಡಬೇಡಿ.

ಇನ್ನು ವಿಷದ ಮಾತು. ಜ್ವರವೆಂದು ಪ್ಯಾರಸಿಟಮಾಲ್ ಕೊಡಬೇಡಿ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿಯಿಲ್ಲ, ಒಂದೇ ಮಾತ್ರೆ ಸಾಕು ಕೊಲ್ಲಲು. ನಮ್ಮ ಭೇದಿ ಮಾತ್ರೆಯೂ ಬೇಡ. ಹರಳೆಣ್ಣೆಯನ್ನು ಬಲವಂತವಾಗಿ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಈಸ್ಟರ್ ಹಬ್ಬದಲ್ಲಿ ಪೀಠಕ್ಕಿಟ್ಟು ಉಳಿದ ಲಿಲಿ ಹೂವನ್ನು ಮನೆಗೆ ಒಯ್ಯುತ್ತೇವಲ್ಲ, ಬೆಕ್ಕಿರುವ ಮನೆಗೆ ಅದು ಬೇಡ. ಎಲೆ, ಪರಾಗ, ಹೂದಾನಿಯ ನೀರು ಕೂಡ ಅದರ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಆರಂಭದಲ್ಲಿ ಕಾಣುವುದು ಬರೀ ವಾಂತಿ. ಇಲಿಪಾಷಾಣ ತಿಂದಿರಬಹುದೆಂಬ ಸಂಶಯ ಬಂದರೆ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ.

ಸಂಶಯವಿದ್ದಾಗ ಎರಡು ಪರೀಕ್ಷೆ. ಹೆಗಲ ನಡುವಿನ ಚರ್ಮವನ್ನು ಮೆಲ್ಲನೆ ಎತ್ತಿ ಬಿಡಿ. ಅದು ತಕ್ಷಣ ಕೂರದೆ ಗುಡಾರದಂತೆ ನಿಂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ತುಟಿ ಎತ್ತಿ ವಸಡು ನೋಡಿ. ತೇವವಾಗಿ ನಸುಗೆಂಪಾಗಿರಬೇಕು. ಬಿಳುಚಿದ್ದರೆ, ಹಳದಿಯೋ ನೀಲಿಯೋ ಕಂದೋ ಆಗಿದ್ದರೆ ಕಾಯುವ ಮಾತೇ ಇಲ್ಲ. ಕಪ್ಪು ವಸಡಿನ ಬೆಕ್ಕೂ ಉಂಟು, ಆರೋಗ್ಯವಾಗಿರುವಾಗಲೇ ಒಮ್ಮೆ ನೋಡಿಟ್ಟುಕೊಳ್ಳಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಾಕಿ ಹದಿನೈದು ನಿಮಿಷ ನೀರಿನಲ್ಲಿ ತೊಳೆದು, ರೇಬಿಸ್ ಚುಚ್ಚುಮದ್ದಿಗೆ ಅಂದೇ ಆಸ್ಪತ್ರೆಗೆ ಹೋಗಿ.

ಹೋಗುವಾಗ ಎಷ್ಟು ಗಂಟೆಗೆ, ಎಷ್ಟು ಸಲ, ಏನು ತಿಂದ ಮೇಲೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವಾಂತಿಯ ಚಿತ್ರವನ್ನು ಫೋನಿನಲ್ಲಿ ತೆಗೆಯಿರಿ, ಮಲವನ್ನು ಸಣ್ಣ ಡಬ್ಬಿಯಲ್ಲಿ ಒಯ್ಯಿರಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆ ಸಾಕು, ಕಂಕುಳಲ್ಲಿ ಹಿಡಿದು ಬಸ್ಸು ಹತ್ತಬೇಡಿ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಖರ್ಚು ಕಡಿಮೆ. ಬೆಕ್ಕು ನೋಡುವ ವೇಳೆ ಯಾವುದು, ಭಾನುವಾರ ಮತ್ತು ರಾತ್ರಿ ತೆರೆದಿರುವ ವೈದ್ಯರು ಯಾರು ಎಂದು ಇಂದೇ ಕೇಳಿ ಗೋಡೆಯ ಮೇಲೆ ಬರೆದಿಡಿ.

ಕೂಲಿಯ ಪ್ರಶ್ನೆಗೆ ನಮ್ಮ ಸಾಲಿನಲ್ಲಿ ಕಂಡುಕೊಂಡ ದಾರಿ ಹೀಗಿದೆ: ಯಾರ ಬೆಕ್ಕಿಗಾದರೂ ಕೇಡು ಬಂದರೆ, ಆ ಹೊತ್ತು ಪಾಳಿಯಿಲ್ಲದವರು ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಾರೆ. ಆಟೋ ಖರ್ಚನ್ನು ನಾಲ್ಕು ಮನೆ ಹಂಚಿಕೊಳ್ಳುತ್ತವೆ. ಒಬ್ಬನಿಗೆ ಭಾರವಾದದ್ದನ್ನು ನಾಲ್ವರು ಹೊರುವುದನ್ನು ಸಂಘ ನಮಗೆ ಕಲಿಸಿದೆಯಲ್ಲವೇ? ಆ ತಂಗಿಯ ಮನೆಗೆ ಈಗ ಹೊಸ ಮರಿ ಬಂದಿದೆ, ಅದೂ ಗಂಡು. ಮರಳಿನ ತಟ್ಟೆಯನ್ನು ಅವಳು ದಿನಾ ಬೆಳಿಗ್ಗೆ ನೋಡುತ್ತಾಳೆ. ನೀವೂ ನೋಡಿ.