ಕಾಗದವಿಲ್ಲದ ಮಕ್ಕಳು: ಶಾಲೆಯ ಹಾಜರಿ ಪುಸ್ತಕದಿಂದ ಗಾಡಿಯ ಲೈಸೆನ್ಸಿನವರೆಗೆ

(ಕುರಕುಂಭದಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಯಾವುದಾದರೂ ಸಾಮಾಜಿಕ ವಿಷಯದ ಬಗ್ಗೆ ಹದಿನೈದು ನಿಮಿಷ ಮಾತಾಡಿ ಎಂದು ವೇದಿಕೆಯವರು ಹೇಳಿದರು. ನಾನು ಆರಿಸಿಕೊಂಡಿರುವ ವಿಷಯ ಕಾಗದ. ಜನನ ಪ್ರಮಾಣ ಪತ್ರ, ಟಿಸಿ, ಆಧಾರ್, ಡ್ರೈವಿಂಗ್ ಲೈಸೆನ್ಸ್. ನಮ್ಮ ಮನೆಗಳಲ್ಲಿ ಇವೆಲ್ಲ ಬೀರುವಿನಲ್ಲಿ ಒಂದು ಫೈಲಿನೊಳಗೆ ಇರುತ್ತವೆ. ವರ್ಷಕ್ಕೊಮ್ಮೆ ಹುಡುಕಿ ತೆಗೆದು, ಜೆರಾಕ್ಸ್ ಮಾಡಿಸಿ, ಮತ್ತೆ ಇಡುತ್ತೇವೆ. ಆ ಫೈಲೇ ಇಲ್ಲದ ಮನೆಯಲ್ಲಿ ಮಕ್ಕಳ ಗತಿ ಏನು ಎನ್ನುವುದೇ ಇವತ್ತಿನ ಮಾತು.

ನಮ್ಮ ಕುರಕುಂಭ ನಿಮಗೆಲ್ಲ ಗೊತ್ತಿರುವ ಊರು. ಪುಣೆ-ಸೋಲಾಪುರ ಹೆದ್ದಾರಿ, ಫಿರಂಗಾಯಿ ದೇವಿಯ ಗುಡಿ, ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳು, ಹತ್ತಿರದಲ್ಲೇ ದೌಂಡ್ ಜಂಕ್ಷನ್. ದೌಂಡಿನ ಪಕ್ಕ ಹರಿಯುವ ಭೀಮಾ ನದಿ ಪಂಢರಪುರ ದಾಟಿ, ಕಲಬುರಗಿ ಜಿಲ್ಲೆ ಹಾಯ್ದು, ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುತ್ತದೆ. ನೀರು ಅತ್ತ ಹೋಗುತ್ತದೆ, ಅತ್ತಲಿನ ಜನ ಇತ್ತ ಬರುತ್ತಾರೆ. ಕಾರ್ಖಾನೆಯ ಕಾಯಂ ನೌಕರಿಗೆ ಬಂದ ನಮ್ಮಂಥ ಕೆಲವು ಕುಟುಂಬಗಳಿವೆ. ಕಟ್ಟಡದ ಕೆಲಸಕ್ಕೆ, ಇಟ್ಟಂಗಿ ಭಟ್ಟಿಗೆ, ಲೋಡಿಂಗಿಗೆ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಬಂದು ತಗಡಿನ ಶೆಡ್ಡುಗಳಲ್ಲಿ ಇರುವ ಕುಟುಂಬಗಳೂ ಇವೆ. ಅವರೂ ಕನ್ನಡದವರೇ. ಸಂಘದ ಸದಸ್ಯರ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿಲ್ಲ.

ಎರಡು ವರ್ಷದಿಂದ ನಾವು ಮೂರು ಜನ ಗೆಳತಿಯರು ಶನಿವಾರ ಸಂಜೆ ಅಲ್ಲಿಗೆ ಹೋಗಿ ಮಕ್ಕಳಿಗೆ ಓದು ಬರಹ ಹೇಳಿಕೊಡುತ್ತಿದ್ದೇವೆ. ಅಲ್ಲಿ ಅಫಜಲಪುರ ಕಡೆಯ ಒಬ್ಬ ತಾಯಿ ಇದ್ದಾಳೆ. ಅವಳ ಮಗಳಿಗೆ ಹತ್ತು ವರ್ಷ ಇರಬಹುದು. "ಇರಬಹುದು" ಎನ್ನುವುದು ಯಾಕೆಂದರೆ ಕೂಸು ಹುಟ್ಟಿದ್ದು ಭಟ್ಟಿಯ ಗುಡಿಸಿಲಿನಲ್ಲಿ, ಸುಗ್ಗಿ ಮುಗಿದ ಮೇಲೆ, ಒಂದು ಅಮಾವಾಸ್ಯೆಯ ಆಚೀಚೆ. ಎಲ್ಲಿಯೂ ನೋಂದಣಿ ಆಗಲಿಲ್ಲ. ಶಾಲೆಗೆ ಕರೆದುಕೊಂಡು ಹೋದರೆ "ಆಧಾರ್ ತನ್ನಿ" ಎಂದರು. ಆಧಾರ್ ಮಾಡಿಸಲು ಹೋದರೆ "ಜನನ ದಾಖಲೆ ತನ್ನಿ" ಎಂದರು. ಆ ತಾಯಿ ನನಗೆ ಹೇಳಿದ ಮಾತು ಇದು: "ಅಕ್ಕಾರ, ಕೂಸು ಕಣ್ಣ ಮುಂದ ನಿಂತದ. ಹುಟ್ಟ್ಯಾದಂತ ಇನ್ನೇನ ತೋರಿಸ್ಲಿ?"

ಇದಕ್ಕೆ ಉತ್ತರ ನಮ್ಮ ಕಾನೂನಿನಲ್ಲೇ ಇದೆ. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು. ಅದರಂತೆ ಬಂದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸಂಬಂಧಿಸಿದ ನಾಲ್ಕು ಮಾತು ನೆನಪಿಟ್ಟುಕೊಳ್ಳಿ. ಒಂದು, 14ನೇ ಕಲಮಿನ ಪ್ರಕಾರ ವಯಸ್ಸಿನ ಪುರಾವೆ ಇಲ್ಲವೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಎರಡು, 5ನೇ ಕಲಮಿನ ಪ್ರಕಾರ ಟಿಸಿ ಬರುವುದು ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದರೂ ಇದು ಅನ್ವಯ. ಮೂರು, 4ನೇ ಕಲಮಿನ ಪ್ರಕಾರ ಶಾಲೆಯನ್ನೇ ಕಾಣದ ಮಗುವನ್ನೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ತರಬೇತಿ ಕೊಡಬೇಕು. ನಾಲ್ಕು, 15ನೇ ಕಲಮಿನ ಪ್ರಕಾರ ಪ್ರವೇಶದ ಅವಧಿ ಮುಗಿದ ಮೇಲೆ ಬಂದ ಮಗುವನ್ನೂ ವಾಪಸು ಕಳಿಸುವಂತಿಲ್ಲ.

ಆಧಾರ್ ವಿಷಯದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಶಾಲಾ ಪ್ರವೇಶಕ್ಕೆ ಅದು ಕಡ್ಡಾಯವಲ್ಲ ಎಂದು ಹೇಳಿದೆ. ಆಧಾರ್ ಇಲ್ಲವೆಂದು ಮಗುವಿಗೆ ಸಿಗಬೇಕಾದ ಸೌಲಭ್ಯ ತಪ್ಪಿಸಬಾರದು ಎಂದೂ ಹೇಳಿದೆ. ಆ ಮೊಕದ್ದಮೆ ಹೂಡಿದ್ದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಕೋರ್ಟಿಗೆ ಹೋದರು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಇಟ್ಟಂಗಿ ಭಟ್ಟಿಯ ಮಗುವಿಗೂ ಅವರ ಋಣ ಇದೆ.

ನಾವು ಮಾಡಿದ್ದು ಇಷ್ಟೇ. ಮರಾಠಿಯಲ್ಲಿ ಒಂದು ಪುಟದ ಅರ್ಜಿ ಬರೆದೆವು. ಕಲಮುಗಳ ಸಂಖ್ಯೆ ಹಾಕಿದೆವು. ಮಗುವಿನ ವಯಸ್ಸಿನ ಬಗ್ಗೆ ತಾಯಿಯ ಸ್ವಯಂ ಘೋಷಣೆ ಜೋಡಿಸಿದೆವು. ಜಗಳಕ್ಕೆ ಹೋಗಲಿಲ್ಲ. ಮುಖ್ಯೋಪಾಧ್ಯಾಯರ ಕಷ್ಟವನ್ನೂ ಕೇಳಿದೆವು. ಮಹಾರಾಷ್ಟ್ರದಲ್ಲಿ ಮಕ್ಕಳ ವಿವರ ಸರ್ಕಾರದ ಪೋರ್ಟಲಿಗೆ ಹೋಗುತ್ತದೆ. ಆಧಾರ್ ತಾಳೆಯಾದ ಮಕ್ಕಳ ಸಂಖ್ಯೆ ನೋಡಿ ಶಿಕ್ಷಕರ ಹುದ್ದೆಗಳಿಗೆ ಮಂಜೂರಾತಿ ಕೊಡುವ ಪದ್ಧತಿ ಬಂದ ಮೇಲೆ, ಕಾಗದವಿಲ್ಲದ ಮಗುವೆಂದರೆ ಶಾಲೆಗೆ ತಲೆನೋವು. ಮೇಷ್ಟ್ರು ಕೆಟ್ಟವರಲ್ಲ, ಅವರನ್ನು ಹಾಗೆ ಇಕ್ಕಟ್ಟಿಗೆ ಸಿಕ್ಕಿಸಿದ್ದಾರೆ. ಆದರೂ ಅವರು ಅರ್ಜಿ ಓದಿ, ಹುಡುಗಿಯನ್ನು ನಾಲ್ಕನೆಯ ತರಗತಿಗೆ ಸೇರಿಸಿಕೊಂಡರು. ಈಗ ಅವಳು ನಮಗೇ ಮರಾಠಿ ತಿದ್ದುತ್ತಾಳೆ.

ಇನ್ನು ಗಾಡಿಯ ಮಾತು. ಶಾಲೆಗೂ ಡ್ರೈವಿಂಗ್ ಲೈಸೆನ್ಸಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕುರಕುಂಭದ ಬಡ ಹುಡುಗನಿಗೆ ಬದುಕು ಬದಲಾಗುವ ದಾರಿ ಎಂದರೆ ಸ್ಟೇರಿಂಗ್. ಕ್ಲೀನರ್ ಆಗಿ ಸೇರಿದವನು ಡ್ರೈವರ್ ಆದರೆ ಕೂಲಿ ಹೋಗಿ ಸಂಬಳ ಬರುತ್ತದೆ. ಮೊದಲು ವ್ಯಾಪಾರಿ ವಾಹನ ಓಡಿಸಲು ಎಂಟನೇ ತರಗತಿ ಪಾಸಾಗಿರಬೇಕಿತ್ತು. ಕೇಂದ್ರ ಸರ್ಕಾರ 2019ರಲ್ಲಿ ಆ ಷರತ್ತನ್ನು ತೆಗೆದುಹಾಕಿತು. ಓದದವನಿಗೂ ದಾರಿ ತೆರೆಯಿತು. ಆದರೆ ವಯಸ್ಸು ಮತ್ತು ವಿಳಾಸದ ಪುರಾವೆ ಬೇಕೇ ಬೇಕು. ಆಧಾರ್ ಇದ್ದವರು ಈಗ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಲರ್ನಿಂಗ್ ಲೈಸೆನ್ಸ್ ಪರೀಕ್ಷೆ ಬರೆಯಬಹುದು. ಇಲ್ಲದವರು ದಿನದ ಕೂಲಿ ಬಿಟ್ಟು ಬಾರಾಮತಿಯ ಆರ್‌ಟಿಒ ಕಚೇರಿಗೆ ಹೋಗಬೇಕು.

ನಮ್ಮ ಶೆಡ್ಡಿನ ಒಬ್ಬ ಹುಡುಗ ಊರಲ್ಲಿ ಆರನೇ ತರಗತಿಯವರೆಗೆ ಓದಿ ಅಪ್ಪನ ಜೊತೆ ಇಲ್ಲಿಗೆ ಬಂದವನು. ಪಿಕಪ್ ಗಾಡಿ ಚೆನ್ನಾಗಿ ಓಡಿಸುತ್ತಿದ್ದ, ಲೈಸೆನ್ಸ್ ಇರಲಿಲ್ಲ. ಅವನ ಆಧಾರಿನಲ್ಲಿ ಹುಟ್ಟಿದ ದಿನ ಜನವರಿ 1, ವರ್ಷವೂ ತಪ್ಪು. ಆ ಲೆಕ್ಕದಲ್ಲಿ ಇಪ್ಪತ್ತರ ಹುಡುಗ ಇನ್ನೂ ಹದಿನೇಳರವನು! ಲೈಸೆನ್ಸ್ ಇಲ್ಲದೆ ಓಡಿಸಿ ಸಿಕ್ಕರೆ ದಂಡ 5,000 ರೂಪಾಯಿ. ದಂಡವಾದರೂ ಕಟ್ಟಬಹುದು. ಅಪಘಾತವಾದರೆ ವಿಮಾ ಕಂಪನಿ ಆ ಹಣವನ್ನು ಗಾಡಿಯ ಮಾಲೀಕನಿಂದಲೇ ವಸೂಲಿ ಮಾಡುತ್ತದೆ, ಮಾಲೀಕ ಹುಡುಗನ ಕುತ್ತಿಗೆಗೆ ಬರುತ್ತಾನೆ. ಅವನ ತಾಯಿ ಅವನು ಮನೆಗೆ ಬರುವವರೆಗೆ ಊಟ ಮಾಡುತ್ತಿರಲಿಲ್ಲ.

ಅವನನ್ನು ಉಳಿಸಿದ್ದು ಹಳ್ಳಿಯ ಕನ್ನಡ ಶಾಲೆಯ ದಾಖಲಾತಿ ಪುಸ್ತಕ. ಅವನ ಚಿಕ್ಕಪ್ಪ ಹೋಗಿ ಕೇಳಿದಾಗ, ಆ ಶಾಲೆಯವರು ಹುಟ್ಟಿದ ದಿನಾಂಕ ನಮೂದಿಸಿ ವ್ಯಾಸಂಗ ಪ್ರಮಾಣ ಪತ್ರ ಕೊಟ್ಟರು. ಅದರಿಂದ ಆಧಾರ್ ತಿದ್ದುಪಡಿಯಾಯಿತು, ಲರ್ನಿಂಗ್ ಲೈಸೆನ್ಸ್ ಬಂತು, ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆ ಕೊಟ್ಟು ಪಕ್ಕಾ ಲೈಸೆನ್ಸ್ ಪಡೆದ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆರನೇ ತರಗತಿಗೆ ಬಿಟ್ಟ ಶಾಲೆ ಅವನ ಕೈಗೆ ಸ್ಟೇರಿಂಗ್ ಕೊಟ್ಟಿತು.

ಶಾಲೆಯ ಕಾಗದ ಸತ್ತ ಮೇಲೂ ಕೆಲಸಕ್ಕೆ ಬರುತ್ತದೆ. ಹರಿಯಾಣದಲ್ಲಿ 2015ರಲ್ಲಿ ರಸ್ತೆ ಅಪಘಾತದಲ್ಲಿ ಒಬ್ಬರು ತೀರಿಕೊಂಡರು. ಆಧಾರ್ ಪ್ರಕಾರ ಅವರಿಗೆ 47 ವರ್ಷ, ಶಾಲೆ ಬಿಟ್ಟ ಪ್ರಮಾಣ ಪತ್ರದ ಪ್ರಕಾರ 45. ಅದರ ಮೇಲೆ ಪರಿಹಾರದ ಲೆಕ್ಕ ಬದಲಾಗುತ್ತದೆ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಶಾಲೆಯ ಕಾಗದವನ್ನೇ ಒಪ್ಪಿ, ಕುಟುಂಬಕ್ಕೆ 15 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಆಧಾರ್ ಗುರುತಿಗೆ, ಹುಟ್ಟಿದ ದಿನದ ಪುರಾವೆಗಲ್ಲ ಎಂಬುದು ಆ ತೀರ್ಪಿನ ಸಾರ.

ಅಮೆರಿಕದಲ್ಲಿ ಮಕ್ಕಳಿರುವ ಹಿರಿಯರು ಇಲ್ಲಿದ್ದೀರಿ. ಅಲ್ಲಿ ದಾಖಲೆ ಇಲ್ಲದ ವಿದ್ಯಾರ್ಥಿಗಳು ಎಂದರೆ ಬೇರೆ ದೇಶದಿಂದ ಬಂದು ವೀಸಾ ಇಲ್ಲದೆ ಬೆಳೆದ ಮಕ್ಕಳು. ಟೆಕ್ಸಾಸ್ ರಾಜ್ಯ ಅಂಥ ಮಕ್ಕಳ ಶಾಲೆಗೆ ಹಣ ಕೊಡುವುದಿಲ್ಲ ಎಂದು 1975ರಲ್ಲಿ ಕಾನೂನು ಮಾಡಿತ್ತು. ಅಲ್ಲಿನ ಟೈಲರ್ ಎಂಬ ಊರಿನ ಶಾಲೆಗಳು ಮಗುವಿಗೆ ವರ್ಷಕ್ಕೆ 1,000 ಡಾಲರ್ ಕೇಳಿದವು. 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಆ ಕಾನೂನನ್ನು ರದ್ದು ಮಾಡಿತು. ಕಾಲೇಜು ಮತ್ತು ಲೈಸೆನ್ಸ್ ಮಾತ್ರ ರಾಜ್ಯಕ್ಕೊಂದು ರೀತಿ. ಅದೇ ಟೆಕ್ಸಾಸ್ 2001ರಲ್ಲಿ ಇಂಥ ವಿದ್ಯಾರ್ಥಿಗಳಿಗೆ ಸ್ಥಳೀಯರ ಕಡಿಮೆ ಶುಲ್ಕ ಕೊಟ್ಟಿತು. 2025ರ ಜೂನಿನಲ್ಲಿ ಅದು ನಿಂತುಹೋಯಿತು. ಕ್ಯಾಲಿಫೋರ್ನಿಯಾ 2015ರಿಂದ ವೀಸಾ ಇಲ್ಲದವರಿಗೂ ಡ್ರೈವಿಂಗ್ ಲೈಸೆನ್ಸ್ ಕೊಡುತ್ತಿದೆ. 2018ರ ಹೊತ್ತಿಗೆ ಅಂಥ ಲೈಸೆನ್ಸುಗಳು ಹತ್ತು ಲಕ್ಷ ದಾಟಿದ್ದವು. ಹೇಗೂ ಓಡಿಸುವವರು ಪರೀಕ್ಷೆ ಕೊಟ್ಟು, ವಿಮೆ ಮಾಡಿಸಿ ಓಡಿಸಲಿ ಎಂಬ ವಿಚಾರ ಅದು.

ನಮ್ಮ ಶೆಡ್ಡಿನ ಮಕ್ಕಳು ಹಾಗಲ್ಲ. ಅವರು ಹುಟ್ಟಿದ್ದು ಇದೇ ದೇಶದಲ್ಲಿ. ಅಜ್ಜ ಮುತ್ತಜ್ಜ ಇದೇ ಭೀಮೆಯ ನೀರು ಕುಡಿದವರು. ಆದರೂ ಜಿಲ್ಲೆಯ ಗಡಿ ದಾಟಿದರೆ ಪರಕೀಯರಂತೆ ನಿಲ್ಲುತ್ತಾರೆ. ಲಂಬಾಣಿ ಮಗು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಬಂಜಾರರು ವಿಮುಕ್ತ ಜಾತಿಯ ಪಟ್ಟಿಯಲ್ಲಿದ್ದಾರೆ. ಅಲ್ಲಿನ ಜಾತಿ ಪ್ರಮಾಣ ಪತ್ರ ಇಲ್ಲಿನ ಸೌಲಭ್ಯಕ್ಕೆ ನಡೆಯುವುದಿಲ್ಲ.

ಇನ್ನು ಮುಂದೆ ಕಾಗದದ ಬಿಗಿ ಹೆಚ್ಚುತ್ತದೆ. ಜನನ ಮರಣ ನೋಂದಣಿ ಕಾಯ್ದೆಯ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆ ದಿನದಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಎಂದರೆ ಜನನ ಪ್ರಮಾಣ ಪತ್ರ. ಇವತ್ತು ತೊಟ್ಟಿಲಲ್ಲಿರುವ ಕೂಸಿನ ನೋಂದಣಿ ತಪ್ಪಿದರೆ, ಹದಿನೆಂಟು ವರ್ಷದ ಮೇಲೆ ಅದಕ್ಕೆ ವ್ಯಾಸಂಗ ಪ್ರಮಾಣ ಪತ್ರದ ಆಸರೆಯೂ ಕಷ್ಟವಾಗಬಹುದು.

ತಡವಾದಷ್ಟೂ ದಾರಿ ಕಡಿದು. 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ಖರ್ಚಿಲ್ಲ, ಪ್ರಮಾಣ ಪತ್ರವೂ ಉಚಿತ. 30 ದಿನದವರೆಗೆ ಸಣ್ಣ ದಂಡ. ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮಹಾರಾಷ್ಟ್ರದಲ್ಲಿ ಸುಳ್ಳು ದಾಖಲೆಗಳ ಗದ್ದಲವೆದ್ದು, 2025ರ ಜನವರಿಯಲ್ಲಿ ಇಂಥ ತಡ ನೋಂದಣಿಯನ್ನು ಸರ್ಕಾರ ನಿಲ್ಲಿಸಿತು. ಮಾರ್ಚಿನಲ್ಲಿ ಇನ್ನೂ ಬಿಗಿಯಾದ ನಿಯಮ ತಂದಿತು. ಸುಳ್ಳು ಕಾಗದ ತಡೆಯಬೇಕು, ಸರಿ. ನಿಜವಾಗಿ ಹುಟ್ಟಿದ ಬಡವರ ಕೂಸು ಆ ಜರಡಿಯಲ್ಲಿ ಹೊರಗೆ ಬೀಳಬಾರದು.

ಇದು ಹೆಣ್ಣುಮಕ್ಕಳ ಮಾತೂ ಹೌದು. ಶಿಕ್ಷಣ ಹಕ್ಕು ಕಾಯ್ದೆಯ ಆಸರೆ ಹದಿನಾಲ್ಕಕ್ಕೆ ಮುಗಿಯುತ್ತದೆ. ಅಲ್ಲಿಂದ ಹದಿನೆಂಟರವರೆಗೆ ಹುಡುಗಿಯನ್ನು ಕಾಯುವುದು ಬಾಲ್ಯವಿವಾಹ ನಿಷೇಧ ಕಾಯ್ದೆ. ಹುಟ್ಟಿದ ದಿನವೇ ಎಲ್ಲೂ ಬರೆದಿಲ್ಲವೆಂದರೆ "ಹದಿನೆಂಟು ತುಂಬಿದೆ" ಎಂದು ಮನೆಯವರು ಹೇಳಿದ್ದೇ ಲೆಕ್ಕ. ಶಾಲೆಯ ಪುಸ್ತಕದಲ್ಲಿರುವ ಒಂದು ದಿನಾಂಕ ಮದುವೆಯ ಚಪ್ಪರವನ್ನು ನಿಲ್ಲಿಸಬಲ್ಲದು.

ಒಂದು ಮಾತು ನಮ್ಮ ಮನೆಗಳಿಗೂ ಹೇಳಬೇಕು. ಕಾಲೊನಿಯಲ್ಲಿ ಹದಿನೈದರ ಮಕ್ಕಳು ಸ್ಕೂಟಿ ಹತ್ತಿ ಟ್ಯೂಷನ್‌ಗೆ ಹೋಗುವುದನ್ನು ನಾವು ನೋಡುತ್ತೇವೆ. 2019ರ ತಿದ್ದುಪಡಿಯಂತೆ ಅಪ್ರಾಪ್ತರು ಓಡಿಸಿ ತಪ್ಪೆಸಗಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಮಗುವಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಫೈಲು ಇದ್ದವರ ಮಕ್ಕಳು ವಯಸ್ಸಾಗದೆ ಓಡಿಸುತ್ತಾರೆ, ವಯಸ್ಸಾದವನು ಫೈಲು ಇಲ್ಲದೆ ನಿಲ್ಲುತ್ತಾನೆ. ಎರಡೂ ಸರಿಯಲ್ಲ.

ಹಾಗಾದರೆ ನಾವು ಮಾಡುವುದೇನು? ನನ್ನ ಮೂರು ಸೂಚನೆಗಳಿವೆ. ಮೊದಲನೆಯದು, ನಿಮ್ಮ ಮನೆ ಕೆಲಸಕ್ಕೆ ಬರುವವಳ, ಎದುರಿನ ಕಟ್ಟಡದಲ್ಲಿ ಕೆಲಸ ಮಾಡುವವಳ ಕೂಸಿನ ಜನನ ನೋಂದಣಿಯಾಗಿದೆಯೇ ಎಂದು ಕೇಳಿ. ನೋಂದಣಿ ಕೂಸು ಹುಟ್ಟಿದ ಊರಲ್ಲೇ ಆಗಬೇಕು: ಕುರಕುಂಭದಲ್ಲಿ ಹುಟ್ಟಿದ್ದರೆ ಇಲ್ಲಿನ ಗ್ರಾಮಪಂಚಾಯಿತಿಯಲ್ಲಿ, ಅಫಜಲಪುರದಲ್ಲಿ ಹುಟ್ಟಿದ್ದರೆ ಅಲ್ಲಿ. ಎರಡನೆಯದು, ಕುಟುಂಬ ಊರಿಗೆ ಹೊರಡುವಾಗ ಶಾಲೆಯಿಂದ ಮಗುವಿನ ದಾಖಲೆ ಪಡೆದುಕೊಳ್ಳಲು ನೆರವಾಗಿ. ಮೂರನೆಯದು, ನಮ್ಮಲ್ಲಿ ಕನ್ನಡ-ಮರಾಠಿ ಎರಡೂ ಬಲ್ಲವರು ಬಹಳ ಜನ ಇದ್ದೀರಿ. ತಿಂಗಳಿಗೆ ಒಂದು ಭಾನುವಾರ ಸಂಘದ ಕೋಣೆಯಲ್ಲಿ ಅರ್ಜಿ ಬರೆದುಕೊಡಲು ಕೂರೋಣ. ಒಂದು ಮೇಜು, ನಾಲ್ಕು ಪೆನ್ನು, ಒಂದು ಜೆರಾಕ್ಸ್ ಯಂತ್ರ ಸಾಕು.

ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾವು ಮೂವರು ಬರುತ್ತೇವೆ. ಬರುವವರು ಇವತ್ತೇ ಹೆಸರು ಕೊಡಿ.  ಸಿರಿಗನ್ನಡಂ ಗೆಲ್ಗೆ.