ಜೊತೆಗೆ ಹೋದವರು

ಹೊಳಲ್ಕೆರೆಯಿಂದಲೋ ಹೊಸದುರ್ಗದಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟವರ ಹತ್ತಿರ ಎರಡು ಚೀಲ ಇರುತ್ತವೆ. ಒಂದರಲ್ಲಿ ಬಟ್ಟೆಬರೆ, ಇನ್ನೊಂದರಲ್ಲಿ ಸ್ಕ್ಯಾನಿಂಗ್ ಫಿಲ್ಮು, ರಕ್ತಪರೀಕ್ಷೆಯ ವರದಿ, ರೇಷನ್ ಕಾರ್ಡು, ಆಧಾರ್. ಆ ಎರಡನೆಯ ಚೀಲ ಹಿಡಿದು ರೋಗಿಯ ಜೊತೆಗೆ ಹೋದವರ ಬಗ್ಗೆ ಇವತ್ತು ನಾಲ್ಕು ಮಾತು.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯ ಪ್ರಮಾಣಪತ್ರ ಇದ್ದರೆ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲು ದರದಲ್ಲಿ ರಿಯಾಯಿತಿ ಉಂಟು. ಹಿರಿಯೂರಿಗೆ ರೈಲೇ ಇಲ್ಲ, ಅಲ್ಲಿನವರಿಗೆ ಬಸ್ಸೇ ಗತಿ.

ಬಾಯಿ ಕ್ಯಾನ್ಸರಿಗೆ ರೇಡಿಯೇಷನ್ ಅಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಹೀಗೆ ಹಲವು ವಾರ. ಅಷ್ಟು ದಿನ ಊರು ಬಿಟ್ಟಿರಬೇಕು. ಬಾಯೆಲ್ಲ ಹುಣ್ಣಾಗಿ, ಎಂಜಲು ಒಣಗಿ, ಖಾರ ಸೋಕಿದರೆ ಜೀವ ಹೋದಂತಾಗುತ್ತದೆ. ರೋಗಿ ಗಂಡನಾದರೆ ಹೆಂಡತಿ ರಾಗಿ ಗಂಜಿಯನ್ನು ತೆಳ್ಳಗೆ ಕಾಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ, ಚಮಚ ಚಮಚವಾಗಿ ಕುಡಿಸುತ್ತಾಳೆ. ಅರ್ಧ ಲೋಟಕ್ಕೆ ಒಂದು ಗಂಟೆ. ಅಷ್ಟರಲ್ಲಿ ಅವಳ ಊಟದ ಹೊತ್ತು ಮೀರಿರುತ್ತದೆ.

ನಾವು ಫೋನು ಮಾಡಿ, "ಯಜಮಾನ್ರು ಹೆಂಗವ್ರೆ?" ಅಂತ ಕೇಳಿ ಇಟ್ಟುಬಿಡುತ್ತೇವೆ. "ನೀನು ಉಂಡ್ಯಾ ಅಕ್ಕಾ? ರಾತ್ರಿ ನಿದ್ದೆ ಬಂತಾ?" ಅಂತಲೂ ಕೇಳಬೇಕು. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಬಿಡುವವರಿಲ್ಲ ಅನ್ನುವ ಚಿಂತೆ ಅವಳನ್ನು ಅಲ್ಲಿ ಕೊರೆಯುತ್ತಿರುತ್ತದೆ. ಪಕ್ಕದ ತೋಟದವರು ಆ ಕೆಲಸ ವಹಿಸಿಕೊಳ್ಳಬಹುದು. ಎಮ್ಮೆಯನ್ನು ತಮ್ಮ ಕೊಟ್ಟಿಗೆಗೆ ಹೊಡೆದುಕೊಳ್ಳಬಹುದು. ಅವಳ ತಮ್ಮನೋ ಮೈದುನನೋ ಶನಿವಾರ ಹೋಗಿ ಗಂಡನ ಹತ್ತಿರ ಕೂತರೆ, ಅವಳು ಊರಿಗೆ ಬಂದು ಮಕ್ಕಳ ಮುಖ ನೋಡಿಕೊಂಡು ಸೋಮವಾರ ಬೆಳಿಗ್ಗೆ ವಾಪಸ್ ಹೋಗುತ್ತಾಳೆ.